ಆಡಾನ್, ಆಡಾಣ ಮತ್ತು ಅಕ್ಕನ ಹೆಸರು

ಟೇಬಲ್ಲಿನ ಖಾನೆ ಸ್ವಚ್ಛ ಮಾಡುವಾಗ ಒಂದು ಸಿ.ಡಿ. ಸಿಕ್ಕಿತು. ಮೇಲೆ ಕಪ್ಪು ಮಾರ್ಕರಿನಲ್ಲಿ ಅಕ್ಕನ ಅಕ್ಷರ: "ಆಡಾನ್. ಗುಂಡ್ಯಾ, ಮುಟ್ಟಬ್ಯಾಡ."

ಗುಂಡ್ಯಾ ಅಂದರೆ ನಾನು. ಶಾಲೆಯ ಹಾಜರಿಯಲ್ಲಿ ಬಸವರಾಜ ಅಂತ ಇದ್ದೇನೆ. ಆದರೆ ಮನೆಯಲ್ಲಿ ಆ ಹೆಸರು ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ, ನಾನೂ ಸಹ. ನಮ್ಮಲ್ಲಿ ಎಲ್ಲರಿಗೂ ಹೀಗೆ ಒಂದು ಹೊರಗಿನ ಹೆಸರು, ಒಂದು ಒಳಗಿನ ಹೆಸರು. ಅಕ್ಕನಿಗೆ ಮಾತ್ರ ಒಂದೇ. ನೀಲಮ್ಮ ಅಂದರೆ ಒಳಗೂ ನೀಲಮ್ಮ, ಹೊರಗೂ ನೀಲಮ್ಮ. ಮುಟ್ಟಬೇಡ ಅಂದಿದ್ದಾಳಲ್ಲ, ಅದಕ್ಕೇ ತಕ್ಷಣ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದೆ.

ಆಡಾನ್ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಇಂಟರ್‌ನೆಟ್ಟಿನಲ್ಲಿ ಲೋಕದ ಜನರೆಲ್ಲ ಒಟ್ಟಿಗೆ ಸೇರಿ ಆಡುವ ಒಂದು ಆಟ ಇದೆ. ನೀವೊಂದು ಪಾತ್ರ ಮಾಡಿಕೊಳ್ಳಬೇಕು, ಅದಕ್ಕೆ ಹೆಸರಿಡಬೇಕು, ಕಾಡು ಗುಡ್ಡ ಸುತ್ತಬೇಕು, ಸಿಕ್ಕ ರಾಕ್ಷಸನ ಜೊತೆ ಬಡಿದಾಡಬೇಕು. ಆಟದ ಪರದೆಯ ಮೇಲೆ ನಕ್ಷೆ, ಒತ್ತುವ ಗುಂಡಿ, ಯಾರಲ್ಲಿ ಎಷ್ಟು ಜೀವ ಉಳಿದಿದೆ ಅಂತ ತೋರಿಸುವ ಪಟ್ಟಿ ಎಲ್ಲ ಇರುತ್ತವೆ. ಅವು ಆಟದವರು ಕೊಟ್ಟ ಹಾಗೆಯೇ ಇರಬೇಕೆಂದೇನಿಲ್ಲ. ನಮ್ಮಂಥ ಹವ್ಯಾಸಿಗಳು ಬರೆದ ಸಣ್ಣ ಸಣ್ಣ ಪ್ರೋಗ್ರಾಂ ತಂದು ಒಂದು ಫೋಲ್ಡರಿನಲ್ಲಿ ಇಟ್ಟರೆ ಸಾಕು, ಪರದೆ ನಮಗೆ ಬೇಕಾದಂತೆ ಆಗುತ್ತದೆ. ಅವೇ ಆಡ್-ಆನ್. ನಮ್ಮ ಬಾಯಿಗೆ ಬಂದ ಮೇಲೆ ಆಡಾನ್.

ತೊಂದರೆ ಏನೆಂದರೆ, ನಮ್ಮ ಕಡೆ 'ಆಡೋಣ' ಅನ್ನುವುದನ್ನು 'ಆಡಾಣ' ಅನ್ನುತ್ತೇವೆ. ಕಂಪ್ಯೂಟರ್ ಇದ್ದ ಕೋಣೆಯಲ್ಲೇ ನಮ್ಮ ಆಯಿಯ ಮಂಚ. ಆಯಿ ಅಂದರೆ ಅಪ್ಪನ ತಾಯಿ. ಕಣ್ಣು ಸ್ವಲ್ಪ ಮಂದ, ಕಿವಿ ಬಲು ಚುರುಕು. ಒಂದು ದಿನ ಅವಳು ಎದ್ದು ಕೂತು ಕೇಳಿಯೇಬಿಟ್ಟಳು.

"ಏನ್ರೋ ಇದು, ಮುಂಜಾನಿಂದ ಆಡಾಣ ಆಡಾಣ ಅನ್ನಾಕತ್ತೀರಿ. ಒಮ್ಮೆರ ಆಡೀರೇನು? ಬರೇ ಜೋಡಸೂದೇ ಆತಲ್ಲ ನಿಮ್ದು!"

ಅವಳ ಮಾತು ಸುಳ್ಳಲ್ಲ. ನಾನು ಆಟ ಆಡಿದ್ದಕ್ಕಿಂತ ಆಡಾನ್ ಜೋಡಿಸಿದ್ದೇ ಜಾಸ್ತಿ.

ನಮ್ಮೂರಿನ ಐವಾನ್-ಎ-ಶಾಹಿ ಬಡಾವಣೆ ದಾಟಿ ಸ್ವಲ್ಪ ಒಳಗೆ ಬಂದರೆ ನಮ್ಮ ಮನೆ. ಅಪ್ಪ ಆಫೀಸಿನಲ್ಲಿ ಗುಮಾಸ್ತ. ಅವನು ಕಂಪ್ಯೂಟರ್ ತಂದದ್ದು ಮಕ್ಕಳು ಏನಾದರೂ ಕಲಿಯಲಿ ಅಂತ. ಅವ್ವ ಹಳೇ ಪರದೆಯ ಬಟ್ಟೆಯಿಂದ ಅದಕ್ಕೊಂದು ಅಂಗಿ ಹೊಲಿದು ಹಾಕಿದ್ದಳು. ನನಗೆ ಕಲಿಸಿದವರು ಯಾರೂ ಇಲ್ಲ. ಕೆಡಿಸಿ ಕೆಡಿಸಿ ಕಲಿತೆ. ಒಂದು ಆಡಾನ್ ಇಳಿಸಲು ಕೊಟ್ಟು ಕೂತರೆ, ಅಷ್ಟರಲ್ಲಿ ಅವ್ವ ಹಿಟ್ಟು ನಾದಿ ಮನೆಮಂದಿಗೆಲ್ಲ ರೊಟ್ಟಿ ಬಡಿದು ಮುಗಿಸುತ್ತಿದ್ದಳು. ನಡುವೆ ಕರೆಂಟ್ ಹೋದರೆ ರೊಟ್ಟಿ ಮಾತ್ರ ಉಳಿಯುತ್ತಿತ್ತು.

ಸಿಕ್ಕದ್ದೆಲ್ಲ ಬೇಕು ನನಗೆ. ದಿಕ್ಕು ತೋರಿಸುವ ಆಡಾನ್, ಚೀಲಗಳನ್ನೆಲ್ಲ ಒಂದು ಮಾಡುವ ಆಡಾನ್, ರಾಕ್ಷಸ ಏಟು ಹಾಕುವ ಮುಂಚೆ "ಓಡು ಓಡು" ಅಂತ ಚೀರುವ ಆಡಾನ್. ಎಲ್ಲ ಸೇರಿ ನನ್ನ ಪರದೆ ಶಾದಿಯ ಬ್ಯಾಂಡಿನ ಗಾಡಿಯಂತೆ ಮಿನುಗುತ್ತಿತ್ತು. ನನಗೋ ಬಲು ಅಭಿಮಾನ. ಅಕ್ಕ ಅಕ್ಕಿಯ ತಟ್ಟೆ ಹಿಡಿದು ಕಲ್ಲು ಆರಿಸುತ್ತ ಹಿಂದೆ ಬಂದು ನಿಂತಳು.

"ರಾಕ್ಷಸ ಎಲ್ಲ್ಯಾನೋ ಇದರಾಗ?"

"ಅಲ್ಲೇ ಅದಾನ, ಆ ಕೆಂಪು ಪಟ್ಟಿ ಹಿಂದ."

"ಅಂವ ಪಟ್ಟಿ ಹಿಂದ ನಿಂತು ನಿನ್ನ ಬಡ್ಯಾಕತ್ಯಾನ, ನೀ ಪಟ್ಟಿ ನೋಡಿ ಖುಷಿ ಪಡಾಕತ್ತಿ. ಏಳು, ಏಳು ಜರಾ."

ಎದ್ದೆ. ಹಾಗೆ ಎದ್ದವನಿಗೆ ಆ ಕುರ್ಚಿ ಮತ್ತೆ ಪೂರ್ತಿ ಸಿಗಲೇ ಇಲ್ಲ. ಅಕ್ಕ ಡಿಗ್ರಿ ಮುಗಿಸಿ ಮನೆಯಲ್ಲೇ ಇದ್ದಳು. ಗಾಯಗೊಂಡ ಜೊತೆಗಾರರಿಗೆ ಜೀವ ತುಂಬುವ ವೈದ್ಯಳ ಪಾತ್ರ ಮಾಡಿಕೊಂಡಳು. ಹೆಸರಿನ ಜಾಗದಲ್ಲಿ ಸೀದಾ ನೀಲಮ್ಮ ಅಂತ ಹೊಡೆದಳು.

"ಅಕ್ಕಾ, ಛಲೋ ಹೆಸರು ಇಡಬೇಕು. ರಾಣಿಗಿ ಇರ್ತಾವಲ್ಲ, ಅಂಥಾದ್ದು."

"ಯಾಕ, ನನ್ನ ಹೆಸರಿಗೇನು ಧಾಡಿ?"

ಕಾಲೇಜಿನಲ್ಲಿ ಗೆಳತಿಯರು ಆ ಹೆಸರನ್ನು ಹಳೇ ಕಾಲದ್ದು, ಮುತ್ಯಾನ ಕಾಲದ್ದು ಅಂತ ಆಡಿಕೊಂಡಿದ್ದು ನನಗೆ ಗೊತ್ತಿತ್ತು. ಆಟದಲ್ಲಿ ನೋಡಿದರೆ ಬೇರೆಯೇ ಕಥೆ. ಒಂದು ಹೆಸರನ್ನು ಒಬ್ಬರೇ ಇಟ್ಟುಕೊಳ್ಳಬೇಕು ಅನ್ನುವ ಆ ಸರ್ವರಿನಲ್ಲಿ ಅವಳೊಬ್ಬಳೇ ನೀಲಮ್ಮ. ಯಾವ ದೇಶದವರೋ ಏನೋ, ಸಾಯುವ ಹೊತ್ತಿಗೆ ಎಲ್ಲರೂ ಟೈಪ್ ಮಾಡುತ್ತಿದ್ದದ್ದು ಒಂದೇ: "ನೀಲಮ್ಮ! ನೀಲಮ್ಮ!" ಒಬ್ಬ ಮಾತ್ರ ಅವಸರಕ್ಕೆ 'ನೀಲ್ಮಾ' ಅನ್ನುತ್ತಿದ್ದ. ಅವನಿಗೆ ಅಕ್ಕ ತಡವಾಗಿ ಔಷಧ ಹಾಕುತ್ತಿದ್ದಳು.

ಅವಳ ಪರದೆ ಜೋಡಣೆಯನ್ನು ನೀವು ನೋಡಬೇಕಿತ್ತು. ಜೊತೆಗಾರರ ಜೀವದ ಪಟ್ಟಿಗಳು ಕೆಳಗೆ, ಕೈಗೆ ಸಿಗುವಂತೆ. ನಕ್ಷೆ ಮೂಲೆಯಲ್ಲಿ. ನಡುವೆ ಏನೇನೂ ಇಲ್ಲ.

"ನಡು ಖಾಲಿ ಬಿಡಬೇಕೋ ಗುಂಡ್ಯಾ. ಬರಾವ್ರಿಗಿ ಜಾಗಾ ಬೇಕಲ್ಲ."

ನಾನು ಸುಮ್ಮನಿರುವ ಪೈಕಿ ಅಲ್ಲ. ಅಕ್ಕ ಪರದೆ ಜೋಡಿಸಿದಳಲ್ಲ, ನಾನು ಫೋಲ್ಡರ್ ಜೋಡಿಸುತ್ತೇನೆ ಅಂತ ಹೊರಟೆ. ಆಡಾನ್‌ಗಳ ಇಂಗ್ಲಿಷ್ ಹೆಸರುಗಳು ನೆನಪಿಡಲು ಕಷ್ಟ. ಮನೆಯಲ್ಲಿ ಹುಟ್ಟಿದ ಕೂಸಿಗೆಲ್ಲ ಮನೆ ಹೆಸರು ಇಡುವುದಿಲ್ಲವೆ? ಹಾಗೆ ಒಂದೊಂದು ಫೋಲ್ಡರಿಗೂ ಮನೆ ಹೆಸರು ಇಟ್ಟೆ. ದಿಕ್ಕು ತೋರಿಸುವುದಕ್ಕೆ ಕಂಡಕ್ಟರ್. ಚೀಲದ್ದಕ್ಕೆ ಗಂಟು. ಜೀವದ ಪಟ್ಟಿಗೆ ಕಂಪೌಂಡರ್. ಚೀರುವುದಕ್ಕೆ ನಮ್ಮ ಶಾಲೆಯ ಡ್ರಿಲ್ ಮಾಸ್ತರ್. ಎಲ್ಲ ಮುಗಿಸಿ, ಎದೆ ಉಬ್ಬಿಸಿ, ಅಕ್ಕನನ್ನು ಕರೆದು ಆಟ ತೆರೆದೆ. ಪರದೆ ಬೋಳು. ಕಂಡಕ್ಟರ್ ಇಲ್ಲ, ಕಂಪೌಂಡರ್ ಇಲ್ಲ, ಡ್ರಿಲ್ ಮಾಸ್ತರೂ ಇಲ್ಲ.

ಅಕ್ಕ ಬೈಯಲಿಲ್ಲ. ಒಂದೊಂದೇ ಫೋಲ್ಡರ್ ತೆರೆದು ನೋಡಿದಳು. ಪ್ರತಿಯೊಂದರ ಒಳಗೂ ಅದರದೇ ಹೆಸರಿನ ಒಂದು ಸಣ್ಣ ಫೈಲು ಇರುತ್ತದೆ. ಆಟ ಮೊದಲು ಫೋಲ್ಡರಿನ ಹೆಸರು ನೋಡುತ್ತದೆ, ಆಮೇಲೆ ಒಳಗೆ ಅದೇ ಹೆಸರು ಹುಡುಕುತ್ತದೆ. ಎರಡೂ ಕೂಡದಿದ್ದರೆ ಅಂಥದ್ದೊಂದು ಇದೆ ಅಂತಲೇ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

"ಹೊರಗಿನ ಹೆಸರು ಒಳಗಿನ ಹೆಸರು ಒಂದೇ ಇರಬೇಕಂತಪಾ," ಅಂದಳು. "ಈ ಆಟದವ್ರು ನಮ್ಮ ಮನಿಗಿ ಬಂದ್ರ ನನ್ನ ಬಿಟ್ಟು ನಿಮ್ಮನ್ನ ಯಾರನ್ನೂ ಒಳಗ ಬಿಡಂಗಿಲ್ಲ."

ಎಲ್ಲವನ್ನೂ ಸರಿ ಮಾಡಿ, ಒಂದು ಪ್ರತಿಯನ್ನು ಸಿ.ಡಿ.ಗೆ ಹಾಕಿ, ಮೇಲೆ ಬರೆದದ್ದೇ ಆ "ಮುಟ್ಟಬ್ಯಾಡ."

ಇಂಥದರಲ್ಲಿ ಕಮಲಾಪುರದ ಸಂಬಂಧ ಬಂತು. ಹುಡುಗನ ಹೆಸರು ಮಲ್ಲಿನಾಥ. ಕಪನೂರಿನ ಒಂದು ಬೇಳೆ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುವ ಕೆಲಸ, ಊರಲ್ಲಿ ಬಾಳೆ ತೋಟ. ನೋಡಲು ಬಂದಾಗ ಅವನು ಅಡುಗೆ ಬರುತ್ತದೋ ಹಾಡು ಬರುತ್ತದೋ ಅಂತ ಕೇಳಲಿಲ್ಲ. ಅಂಗಿ ತೊಟ್ಟ ಕಂಪ್ಯೂಟರ್ ನೋಡಿ, "ಇದನ್ನ ಯಾರು ನಡಸ್ತೀರಿ?" ಅಂದ. ಅಕ್ಕ, "ನಾನೇರಿ. ತಮ್ಮ ಕೆಡಸ್ತಾನ, ನಾ ನಡಸ್ತೀನಿ," ಅಂದಳು. ಅವನು ನಕ್ಕ. ಅವರು ಹೋದ ಮೇಲೆ ಅಕ್ಕ ಕಾರಣವಿಲ್ಲದೆ ಕಂಪ್ಯೂಟರಿನ ಅಂಗಿ ಒಗೆದು ಹಾಕಿದಳು. ಹುಡುಗ ಅವಳಿಗೆ ಒಪ್ಪಿಗೆಯಾದದ್ದು ನನಗೆ ಅಲ್ಲೇ ತಿಳಿಯಿತು.

ಎಲ್ಲ ಕೂಡಿ ಬಂತು ಅನ್ನುವಾಗ ಅಪ್ಪ ಫೋನಿನಲ್ಲಿ ಮಾತಾಡಿ ಬಂದು ಸಣ್ಣ ದನಿಯಲ್ಲಿ ಹೇಳಿದ.

"ಒಂದೇ ಒಂದು ಮಾತು ಅಂತ. ಅತ್ತಿ ಹೆಸರೂ ನೀಲಮ್ಮ, ಸೊಸಿ ಹೆಸರೂ ನೀಲಮ್ಮ. ಮಗ ಹೆಂಡ್ತಿನ ಕರದ್ರ ತಾಯಿ ಹೆಸರು ಹಿಡದು ಕರದಂಗ ಆಗ್ತದ. ಅದಕ್ಕ ಮದಿವ್ಯಾಗ ಅಕ್ಕ್ಯಾಗ ಸ್ನೇಹಾ ಅಂತ ಬರೀತಾರಂತ."

ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದ ತುದಿಯಿಂದ ಗಂಡು ಹೊಸ ಹೆಸರು ಬರೆಯುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಬರೆದದ್ದೇ ಆ ಹುಡುಗಿ ಬೇರೆ ಹೆಸರಿನವಳು. ಯಾರೂ ಅದನ್ನು ದೊಡ್ಡ ಮಾತು ಅಂತ ತಿಳಿದವರಲ್ಲ.

"ನಾ ಬದಲಿ ಮಾಡಂಗಿಲ್ಲ," ಅಂದಳು ಅಕ್ಕ.

"ಬರೇ ಹೆಸರವ್ವಾ."

"ಬರೇ ಹೆಸರಾದ್ರ ಅವ್ರೇ ಬಿಡ್ಲಿ."

"ಅವ್ರು ಬಿಡಂಗಿಲ್ಲ ಅಂದ್ರ ಸಂಬಂಧ ಮುರೀತದ. ಅದು ಬೇಕೇನು ನಿನಗ?"

ಅಕ್ಕನಿಗೆ ಅದು ಬೇಡವಾಗಿತ್ತು. ಮಲ್ಲಿನಾಥ ಬೇಕು, ನೀಲಮ್ಮ ಅನ್ನುವ ಹೆಸರೂ ಬೇಕು. ಎರಡರಲ್ಲಿ ಒಂದು ಬಿಡು ಅಂದರೆ ಏನು ಮಾಡಬೇಕು? ಆ ವಾರ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಸಹ ಸಿಟ್ಟಿನಲ್ಲಿದ್ದಂತೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ಬಂದು ನನ್ನ ಪಕ್ಕ ಕೂತಳು. "ಗುಂಡ್ಯಾ, ಆಟದಾಗ ಹೆಸರು ಬದಲಿ ಮಾಡಾಕ ಬರ್ತದೇನು?"

"ಬರ್ತದ. ಯಾಕ?"

"ಮಾಡಿ ನೋಡಾಣ. ಹ್ಯಾಂಗ ಅನಸ್ತದ ಅಂತ."

ನಾವು ಆಡುತ್ತಿದ್ದದ್ದು ಹವ್ಯಾಸಿಗಳು ನಡೆಸುವ ಸರ್ವರ್. ನೋಡಿಕೊಳ್ಳುವವನಿಗೆ ವಿನಂತಿ ಕಳಿಸಿದರೆ ಬದಲಿಸಿ ಕೊಡುತ್ತಿದ್ದ. ಸ್ನೇಹಾ ಅನ್ನುವ ಹೆಸರನ್ನು ಆಗಲೇ ಯಾರೋ ಇಟ್ಟುಕೊಂಡಿದ್ದರು. ಕೊನೆಗೊಂದು ಅಕ್ಷರ ಹೆಚ್ಚಿಗೆ ತುರುಕಿ ಪಡೆದೆವು. ಅಕ್ಕ ಕುರ್ಚಿ ಎಳೆದುಕೊಂಡು ಒಳಗೆ ಹೋದಳು.

ಪರದೆ ಬೋಳು. ಅವಳ ಪಟ್ಟಿಗಳು ಕೆಳಗಿಲ್ಲ, ನಕ್ಷೆ ಅವಳ ಮೂಲೆಯಲ್ಲಿಲ್ಲ, ಗುಂಡಿಗಳೆಲ್ಲ ಆಟದವರು ಕೊಟ್ಟ ಹಾಗೆ ಎಲ್ಲೆಲ್ಲೋ ನಿಂತಿವೆ. ನಡುವೆ ಖಾಲಿ ಇದ್ದ ಜಾಗದಲ್ಲಿ ಯಾವುದೋ ಡಬ್ಬಿ ಬಂದು ಕೂತಿದೆ. ಕೆಳಗೆ ಒಬ್ಬ ಜೊತೆಗಾರ ಟೈಪ್ ಮಾಡಿದ: "ನೀಲಮ್ಮ ಎಲ್ಲಿ? ನೀನು ಯಾರು?" ಅವನೇ, ಆ ನೀಲ್ಮಾ ಅನ್ನುತ್ತಿದ್ದವನು. ಅವತ್ತು ಹೆಸರನ್ನು ಸರಿಯಾಗಿ ಬರೆದಿದ್ದ.

ಅಕ್ಕ ಅವನು ಬರೆದದ್ದನ್ನು ಮತ್ತೊಮ್ಮೆ ಓದಿದಳು. ಕೀಲಿಮಣೆಯ ಮೇಲೆ ಕೈ ಹಾಗೇ ಇತ್ತು.

"ಏನಾತೋ?" ಅಂದಳು ಆಯಿ ಮಂಚದಿಂದ.

"ಆಯಿ, ಅಕ್ಕ ಜೋಡಿಸಿದ್ದೆಲ್ಲಾ ಆಕಿ ಹೆಸರಿನ ಫೋಲ್ಡರಿನಾಗ ಇರ್ತದ. ಹೆಸರು ಬದಲಿ ಆತಲ್ಲ, ಆಟಕ್ಕ ಈಕಿ ಹೊಸಾಕಿ. ಮೊದಲಿಂದ ಜೋಡಸಬೇಕು."

"ಹಳೇ ಹೆಸರಿಂದು? ಅದೆಲ್ಲಾ ಎಲ್ಲಿಗಿ ಹೋಗ್ತದ?"

"ಎಲ್ಲೂ ಹೋಗಂಗಿಲ್ಲ. ಅಲ್ಲೇ ಇರ್ತದ. ಯಾರೂ ತಗೀಯಂಗಿಲ್ಲ ಅಷ್ಟೇ. ತಿರುಗಿ ಅದೇ ಹೆಸರು ಇಟ್ರ ಎಲ್ಲಾ ಇದ್ದಂಗ ಬರ್ತದ."

"ಎಷ್ಟು ವರ್ಷ ಆದ್ರೂ?"

"ಎಷ್ಟು ವರ್ಷ ಆದ್ರೂ."

ಆಯಿ ಎಲೆ ಅಡಿಕೆಯ ಡಬ್ಬಿ ತೆರೆದವಳು ಅದನ್ನು ಹಾಗೇ ಮುಚ್ಚಿದಳು. ನಾವು ಹೆಸರನ್ನು ತಿರುಗಿ ನೀಲಮ್ಮ ಮಾಡಿಸಿಕೊಂಡೆವು. ಅಕ್ಕ ಒಳಗೆ ಹೋದಳು. ಪಟ್ಟಿಗಳು ಕೆಳಗೆ, ನಕ್ಷೆ ಮೂಲೆಯಲ್ಲಿ, ನಡುವೆ ಖಾಲಿ. ನನ್ನ ಎದೆಯ ಮೇಲಿಂದ ಯಾರೋ ಗೋಣಿಚೀಲ ಇಳಿಸಿದಂತಾಯಿತು. ಅಕ್ಕ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು, "ಅಪ್ಪಗ ಹೇಳು. ನಾ ಒಲ್ಲೆ ಅಂತ," ಅಂದು ಎದ್ದುಹೋದಳು.

ಅಪ್ಪ ತಲೆ ಹಿಡಿದುಕೊಂಡ. ಇಲ್ಲ ಅನ್ನುವುದನ್ನು ಫೋನಿನಲ್ಲಿ ಅನ್ನಬಾರದು, ಹೋಗಿ ಮುಖ ನೋಡಿ ಹೇಳಬೇಕು ಅಂತ ತೀರ್ಮಾನವಾಯಿತು.

"ಕಮಲಾಪುರಕ್ಕ ನಾನೂ ಬರ್ತೀನಿ," ಅಂದಳು ಆಯಿ.

"ನೀ ಯಾಕವ್ವ? ಬಸ್ಸಿನಾಗ ಮೈ ನೋಯ್ತದ."

"ಸುಮ್ನ ಕುಂತು ಕುಂತು ನೊಂದದ. ಆಡಾಣ ನಡಿ."

ಅಪ್ಪ, ನಾನು, ಆಯಿ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹಿಡಿದು ಹೋದೆವು. ದಾರಿಯುದ್ದಕ್ಕೂ ಅಪ್ಪ ತುಟಿ ಅಲ್ಲಾಡಿಸುತ್ತ ಮಾತು ಜೋಡಿಸಿಕೊಳ್ಳುತ್ತಿದ್ದ. ಸಂಬಂಧ ಮುರಿಯಲು ಹೋಗುವವರಿಗೂ ಆ ಮನೆಯವರು ಚಹಾ ಕೊಟ್ಟರು, ತಟ್ಟೆ ತುಂಬ ಕೆಂಪು ಬಾಳೆಹಣ್ಣು ಇಟ್ಟರು. ಹುಡುಗನ ತಾಯಿ, ಅಂದರೆ ಅಲ್ಲಿಯ ನೀಲಮ್ಮ, ಗಟ್ಟಿ ದನಿಯ, ಓಡಾಡುವ ಹೆಣ್ಣುಮಗಳು. ಹುಡುಗನ ತಂದೆ ಹೊರಸಿನ ಮೇಲೆ ಕೂತು, "ಏ, ಕೇಳ್ತೇನ? ನೀರು ತಾ," ಅಂದರು. ಮಲ್ಲಿನಾಥ ಬಾಗಿಲಿಗೆ ಆತು ನಿಂತಿದ್ದ, ನಮ್ಮ ಮುಖದಲ್ಲಿ ಏನಿದೆ ಅಂತ ಹುಡುಕುತ್ತ.

ಅಪ್ಪ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಆಯಿ, ಬಾಳೆಹಣ್ಣು ಸುಲಿಯುತ್ತ, ಮಳೆ ಬೆಳೆ ವಿಚಾರಿಸಿದ ಹಾಗೆ ಕೇಳಿದಳು.

"ಯವ್ವಾ, ನಿನ್ನ ತವರಮನಿ ಹೆಸರೇನು?"

"ಪಾಟೀಲರ ಮನಿರಿ."

"ಮನೀದಲ್ಲವ್ವ. ನಿಂದು."

ಆ ಹೆಣ್ಣುಮಗಳು ತಟ್ಟೆ ಹಿಡಿದು ನಿಂತುಬಿಟ್ಟರು. "ನಂದೇನ್ರಿ? ನಂದು... ಕಸ್ತೂರಿ ಇತ್ತು."

"ಯವ್ವಾ!" ಮಲ್ಲಿನಾಥ ಬಾಗಿಲು ಬಿಟ್ಟು ಒಳಗೆ ಬಂದ. "ಸೋದರಮಾವ ಕಸ್ತೂರಕ್ಕ ಅಂತಿದ್ದ. ನಾ ಏನೋ ಪ್ರೀತಿಗಿ ಕರೀತಾನ ಅನ್ಕೊಂಡಿದ್ದೆ."

"ಅದೇ ಖರೇದು. ನೀಲಮ್ಮ ಅನ್ನೂದು ನಿಮ್ಮಪ್ಪ ಅಕ್ಕ್ಯಾಗ ಬರದಿದ್ದು."

"ಯಾಕ ಬದಲಿ ಮಾಡಿದ್ರವ್ವ?" ಅಂದಳು ಆಯಿ.

"ನಮ್ಮ ಅತ್ತಿ ಹೆಸರೂ ಕಸ್ತೂರಿಬಾಯಿ ಇತ್ರಿ. ಒಂದೇ ಮನ್ಯಾಗ ಇಬ್ರು ಹ್ಯಾಂಗ ಅಂತ..." ಅಂದವರು ಅಲ್ಲಿಗೇ ನಿಂತರು. ತಾವು ಏನು ಹೇಳಿದೆವು ಅನ್ನುವುದು ಅವರ ಕಿವಿಗೇ ಬಿದ್ದಂತಿತ್ತು.

"ಅವ್ರು ಹೋಗಿ ಭಾಳ ವರ್ಷ ಆಗಿರಬೇಕು," ಅಂದಳು ಆಯಿ. "ಹಂಗಾದ್ರ ಆ ಹೆಸರು ಈಗ ಖಾಲಿನೇ ಬಿದ್ದದಲ್ಲವ್ವ ಈ ಮನ್ಯಾಗ."

ನಾನು ಬಾಯಲ್ಲಿದ್ದ ಹಣ್ಣು ನುಂಗಲಿಲ್ಲ. ಆಮೇಲೆ ಆ ಹೆಣ್ಣುಮಗಳು ತಟ್ಟೆ ಕೆಳಗಿಟ್ಟು ನಗತೊಡಗಿದರು. ಸೆರಗು ಬಾಯಿಗಿಟ್ಟರೂ ನಗು ನಿಲ್ಲಲಿಲ್ಲ.

"ಹೌದಲ್ರಿ! ಖಾಲಿನೇ ಅದ! ನೀಲಮ್ಮ ಅನ್ನೂದು ಆಕಿ ಹುಟ್ಟಿಂದ ತಂದಾಳ, ಆಕೀಗೇ ಇರಲಿ. ನಂದು ನಾ ತಗೋತೀನಿ."

ಹೊರಸಿನ ಮೇಲಿಂದ ಯಜಮಾನರು, "ಊರ ಮಂದಿ ನಗ್ತಾರ," ಅಂದರು.

"ನಗಲಿ. ಇಷ್ಟು ವರ್ಷದಾಗ ನೀವು ಒಮ್ಮೆರ ನೀಲಮ್ಮ ಅಂತ ಕರದೀರೇನು? 'ಏ, ಕೇಳ್ತೇನ' ಅಂತೀರಿ. ನಿಮಗೇನೂ ಬದಲಿ ಆಗಂಗಿಲ್ಲ, ಆರಾಮ ಕೂಡ್ರಿ."

ಮಲ್ಲಿನಾಥ ನಕ್ಕ, ಯಜಮಾನರು ಮೀಸೆ ಒರೆಸಿಕೊಂಡರು, ಅಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಚಹಾದ ಜೊತೆ ನುಂಗಿದ. ನಾನು ಹೊರಗೆ ಓಡಿ ಬಸ್ ಸ್ಟ್ಯಾಂಡಿನ ಫೋನಿನಿಂದ ಮನೆಗೆ ಹಚ್ಚಿದೆ. ಗಂಟೆ ಪೂರ್ತಿ ಬಡಿಯುವ ಮೊದಲೇ ಅಕ್ಕ ಎತ್ತಿದಳು. ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

"ಅಕ್ಕಾ, ಅದೀ ಇಲ್ಲೋ?"

"ಅದೀನಿ," ಅಂದಳು. ದನಿ ಒದ್ದೆಯಾಗಿತ್ತು. "ನನಗ ಜಾಗಾ ಬಿಟ್ರಲ್ಲೋ ಗುಂಡ್ಯಾ ಅವ್ರು."

ಮದುವೆಯಲ್ಲಿ ಮಲ್ಲಿನಾಥ ಉಂಗುರ ಹಿಡಿದು ಅಕ್ಕಿಯಲ್ಲಿ ನೀಲಮ್ಮ ಅಂತಲೇ ಬರೆದ. ಈಗಲೂ ಆ ಮನೆಯ ಬಾಗಿಲಲ್ಲಿ ಯಾರಾದರೂ ನೀಲಮ್ಮ ಅಂದರೆ ಇಬ್ಬರೂ ಓ ಅನ್ನುತ್ತಾರಂತೆ. ಒಬ್ಬರು ಆಮೇಲೆ ನಾಲಿಗೆ ಕಚ್ಚಿಕೊಂಡು, "ನಾ ಅಲ್ಲ, ನಾ ಕಸ್ತೂರಿ," ಅನ್ನುತ್ತಾರಂತೆ.

ಒಂದು ಮಾತು ಉಳಿಯಿತು. ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಆಯಿಯ ಮಡಿಲಲ್ಲಿ ಬಾಳೆಹಣ್ಣಿನ ಚೀಲ ಇತ್ತು. ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ. ಕೇಳಿದೆ.

"ಆಯಿ, ನಿಂದೇನಿತ್ತು?"

ರೇಷನ್ ಕಾರ್ಡಿನಲ್ಲಿ ಅವಳು ಗುರುಬಸಮ್ಮ. ಕಿಟಕಿಯ ಕಡೆ ಮುಖ ಮಾಡಿದಳು. ತಡವಾಗಿ, ಬಸ್ಸಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಹೇಳಿದಳು: "ಚಂದಮ್ಮ."

ಈಗ ನನ್ನ ಕಂಪ್ಯೂಟರಿನಲ್ಲಿ ಅಕ್ಕನ ಸಿ.ಡಿ. ಗರಗರ ತಿರುಗುತ್ತಿದೆ. ಆಟದ ಮೊದಲ ಪರದೆಯ ಮೇಲೆ ಇಬ್ಬರು ನಿಂತಿದ್ದಾರೆ. ಒಬ್ಬಳು ನೀಲಮ್ಮ, ಅವಳ ಜೋಡಣೆಯೆಲ್ಲ ಇದ್ದಲ್ಲೇ ಇದೆ, ನಾನು ಮುಟ್ಟಿಲ್ಲ. ಇನ್ನೊಬ್ಬಳು ಈಗಷ್ಟೇ ಮಾಡಿದವಳು. ಬಿಳಿ ಕೂದಲು ಆರಿಸೋಣ ಅಂದರೆ ಆಯಿ ಒಪ್ಪಲಿಲ್ಲ, ಕಪ್ಪೇ ಬೇಕು ಅಂದಳು. ಅಕ್ಕನ ಜೋಡಣೆಯನ್ನು ಇವಳಿಗೂ ಹಾಕಿಕೊಡಲೇ ಅಂತ ಕೇಳಿದೆ.

"ಆಕೀದು ಆಕಿಗಿ. ನನಗ ಬೋಳೇ ಇರಲಿ," ಅಂದಳು ಆಯಿ, ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಳ್ಳುತ್ತ. "ಜೋಡಸೂದು ಸಾಕು ಮಾಡು. ಚಂದಮ್ಮ ಹೊಂಟಾಳ. ಆಡಾಣ."